ಐಡ್ಲಿಂಗ್ ಹಿಡಿಯದ ಬೈಕು: ಪ್ಲಗ್ಗೋ, ಕ್ಲೀನರೋ, ಕಾರ್ಬುರೇಟರ್ ಬಿಚ್ಚುವುದೋ?

ಮಳೆಗಾಲದಲ್ಲಿ ಎರಡು ತಿಂಗಳು ನನ್ನ 150 ಸಿಸಿ ಬೈಕು ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆದ ದಿನದಿಂದ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದೆ ಇಂಜಿನ್ ಮೆಲ್ಲಗೆ ಓಡುತ್ತಿರುವುದು, ಹಿಡಿಯಲೇ ಇಲ್ಲ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಎರಡು ಸಲ ತಡವರಿಸಿ ಆಫ್. ಆದರೆ 50ರ ವೇಗದಲ್ಲಿ ಹೋಗುವಾಗ ಯಾವ ತೊಂದರೆಯೂ ಇಲ್ಲ. ಇದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಹಳೇ ಗಾಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚಿನವು ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ನವು, ಅವುಗಳ ಲೆಕ್ಕವೇ ಬೇರೆ.

ಗ್ಯಾರೇಜಿನ ಹುಡುಗ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ತೋರಿಸಿ "ಪ್ಲಗ್ ಹೋಗಿದೆ ಅಣ್ಣ" ಅಂದ. ಸ್ಪೇರ್ಸ್ ಅಂಗಡಿಯವರು ಟ್ಯಾಂಕಿಗೆ ಸುರಿಯುವ ಕ್ಲೀನರ್ ಕೊಟ್ಟರು. ನಮ್ಮ ಮಾವ "ಸುಮ್ನೆ ದುಡ್ಡು ಸುರೀಬೇಡ, ಕಾರ್ಬುರೇಟರ್ ಬಿಚ್ಚು" ಅಂದರು. ಮೂರನ್ನೂ ಮಾಡಿ ನೋಡಿದೆ.

ಪ್ಲಗ್ಗಿಗೆ ಹೋಗಿದ್ದು 120 ರೂಪಾಯಿ, ಹತ್ತು ನಿಮಿಷ. ಸ್ಟಾರ್ಟಿಂಗ್ ಸ್ವಲ್ಪ ಸುಲಭವಾಯಿತು, ಐಡ್ಲಿಂಗ್ ಮಾತ್ರ ಹಾಗೇ. ಆದರೂ ಅದು ದಂಡವಾಗಲಿಲ್ಲ. ಹಳೇ ಪ್ಲಗ್ಗಿನ ತುದಿ ಬೆಳ್ಳಗಿತ್ತು. ಕಂದು ಬಣ್ಣ ಇದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ. ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದು ನೋಡಿದೆ, ಇಂಜಿನ್ ಬಿಸಿಯಿದ್ದರೂ ಆಫ್ ಆಗದೆ ಐಡ್ಲಿಂಗ್ ಹಿಡಿಯಿತು. ಪೆಟ್ರೋಲ್ ಸಾಲುತ್ತಿಲ್ಲ ಅನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಕ್ಲೀನರ್ 250 ರೂಪಾಯಿ. ಒಂದು ಟ್ಯಾಂಕ್ ಪೂರ್ತಿ ಓಡಿಸಿದೆ, ಕೂದಲಷ್ಟೂ ವ್ಯತ್ಯಾಸ ಇಲ್ಲ. ಐಡ್ಲಿಂಗ್‌ಗೆ ಪೆಟ್ರೋಲ್ ಬರುವುದು ಕಾರ್ಬುರೇಟರಿನೊಳಗೆ ಸಣ್ಣ ತೂತಿರುವ ಪೈಲಟ್ ಜೆಟ್‌ನಿಂದ. ಆ ತೂತೇ ಮುಚ್ಚಿಹೋಗಿದ್ದರೆ ಕ್ಲೀನರ್ ಅಲ್ಲಿಗೆ ತಲುಪುವುದಾದರೂ ಹೇಗೆ? ತೆಳ್ಳಗೆ ಕೂತ ಕೊಳೆಗೆ ಅದು ಆಗಬಹುದು, ಕಟ್ಟಿಕೊಂಡ ಜೆಟ್‌ಗೆ ಅಲ್ಲ.

ಕೊನೆಗೆ ಭಾನುವಾರ ಬೆಳಿಗ್ಗೆ ಕಾರ್ಬುರೇಟರ್ ಇಳಿಸಿದೆ. ಕೆಳಗಿನ ಬಟ್ಟಲು ತೆಗೆದರೆ ತಳದಲ್ಲಿ ಬೆಲ್ಲದ ಪಾಕದಂಥ ಅಂಟು, ಜೊತೆಗೆ ಎರಡು ಹನಿ ನೀರು. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಎಳೆದುಕೊಳ್ಳುತ್ತೆ. ಪೈಲಟ್ ಜೆಟ್ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಅರ್ಧ ಮಿಲಿಮೀಟರ್‌ಗೂ ಸಣ್ಣ ತೂತು, ಬೆಳಕೇ ಕಾಣಲಿಲ್ಲ. ಸೂಜಿ ಮಾತ್ರ ಹಾಕಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಹೊಸದೇ ತರಬೇಕು. ನಾನು ಕ್ಲೀನರ್ ಸ್ಪ್ರೇಯಲ್ಲಿ ಅರ್ಧ ಗಂಟೆ ನೆನೆಸಿ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿದೆ. ಆಮೇಲೆ ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಮತ್ತೆ ಬೆಳಕಿಗೆ ಹಿಡಿದಾಗ ದುಂಡನೆಯ ಚುಕ್ಕಿ ಕಂಡಿತು. ಎಷ್ಟು ಖುಷಿಯಾಯಿತು ಅಂದರೆ ಮಗಳನ್ನು ಕರೆದು ತೋರಿಸಿದೆ!

ಐಡ್ಲಿಂಗಿನ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಒಳಗೆ ಮೆಲ್ಲಗೆ ತಿರುಗಿಸಿ, ಪೂರ್ತಿ ಕೂರುವವರೆಗೆ ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ. ನನ್ನದು ಎರಡೂಕಾಲು ಸುತ್ತು ಇತ್ತು, ವಾಪಸ್ ಅಷ್ಟೇ ಬಿಟ್ಟೆ. ಸ್ಪ್ರೇ ಮತ್ತು ಹೊಸ ಗ್ಯಾಸ್ಕೆಟ್ ಸೇರಿ ಖರ್ಚು 300 ದಾಟಲಿಲ್ಲ, ಸಮಯ ಮಾತ್ರ ಮೂರು ಗಂಟೆ.

ಹಾಗಾಗಿ ನನ್ನ ಓಟು ಮಾವನಿಗೆ. ಆದರೆ ಬಿಚ್ಚುವ ಮೊದಲು ಚೋಕ್ ಎಳೆದು ನೋಡಿ. ಚೋಕಿನ ಬಲದಲ್ಲಿ ಐಡ್ಲಿಂಗ್ ಓಡುತ್ತಿರುವಾಗಲೇ ಕಾರ್ಬುರೇಟರ್‌ಗೂ ಇಂಜಿನ್‌ಗೂ ನಡುವಿನ ರಬ್ಬರಿನ ಸುತ್ತ ಸೋಪಿನ ನೀರನ್ನೂ ಚಿಮುಕಿಸಿ. ಸದ್ದು ಬದಲಾದರೆ ಅಲ್ಲೇ ಬಿರುಕಿದೆ, ಗಾಳಿ ಎಳೆಯುತ್ತಿದೆ. ಆಗ ಜೆಟ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ರಬ್ಬರ್ ಬದಲಾಯಿಸಬೇಕು.