ಪ್ಯಾನಲ್ ಸಾಲಿಸಿಟರ್: ಏಜೆಂಟ್ ತೋರಿಸಿದವರು, ಬ್ಯಾಂಕ್ ಕೊಟ್ಟವರು, ನಾವೇ ಹುಡುಕಿದವರು

ಇಂಗ್ಲೆಂಡಿನಲ್ಲಿ ಸಾಲ ಮಾಡಿ ಮನೆ ತಗೊಳ್ಳುವವರಿಗೆ ಸಾಲಿಸಿಟರ್, ಅಂದ್ರೆ ಕಾಗದಪತ್ರದ ಕೆಲಸ ನೋಡುವ ವಕೀಲರು, ಬೇಕೇ ಬೇಕು. ಅದೂ ಯಾರಾದರೂ ನಡೆಯುತ್ತೆ ಅನ್ನುವ ಹಾಗಿಲ್ಲ, ಸಾಮಾನ್ಯವಾಗಿ ಸಾಲ ಕೊಡುವ ಬ್ಯಾಂಕಿನ ಪ್ಯಾನಲ್‌ನಲ್ಲಿ, ಅಂದ್ರೆ ಬ್ಯಾಂಕ್ ಒಪ್ಪಿದವರ ಪಟ್ಟಿಯಲ್ಲಿ, ಇರುವವರೇ ಆಗಬೇಕು. ಯಾಕಂದ್ರೆ ಖರೀದಿಯಲ್ಲಿ ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ನಿಮ್ಮ ಕೆಲಸವನ್ನೂ ಮಾಡುತ್ತಾರೆ, ಬ್ಯಾಂಕಿನ ಕೆಲಸವನ್ನೂ ಮಾಡುತ್ತಾರೆ. ಬ್ಯಾಂಕಿನ ಪರವಾಗಿ ಅವರು ಏನೇನು ನೋಡಬೇಕು ಅಂತ ಬ್ಯಾಂಕುಗಳ ಒಕ್ಕೂಟವಾದ ಯುಕೆ ಫೈನಾನ್ಸ್ ಸಂಸ್ಥೆಯ ಒಂದು ಹ್ಯಾಂಡ್‌ಬುಕ್ ಇದೆ. ಅದರ ಮೊದಲ ಭಾಗ ಎಲ್ಲ ಬ್ಯಾಂಕಿಗೂ ಒಂದೇ, ಎರಡನೇ ಭಾಗದಲ್ಲಿ ಒಂದೊಂದು ಬ್ಯಾಂಕಿಗೆ ಒಂದೊಂದು ನಿಯಮ. ನಿಮ್ಮ ಸಾಲಿಸಿಟರ್ ಪ್ಯಾನಲ್‌ನಲ್ಲಿ ಇಲ್ಲ ಅಂದ್ರೆ ಕೆಲವು ಬ್ಯಾಂಕುಗಳು ತಮ್ಮ ಪರವಾಗಿ ಇನ್ನೊಬ್ಬರನ್ನು ಇಡುತ್ತವೆ. ಅವರ ಫೀಸೂ ನಿಮ್ಮ ತಲೆಗೇ, ತಡವೂ ನಿಮ್ಮ ತಲೆಗೇ.

ನಾವು ರೆಡಿಂಗ್‌ನಲ್ಲಿ ಇರುವುದು. ಮೊದಲು ಒಂದು ಲೀಸ್‌ಹೋಲ್ಡ್ (ನೆಲ ಬೇರೆಯವರದು, ನಮಗೆ ಇಷ್ಟು ವರ್ಷ ಅಂತ ಹಕ್ಕು) ಫ್ಲಾಟ್ ತಗೊಂಡೆವು, ಆಮೇಲೆ ಅದನ್ನು ರಿಮಾರ್ಟ್‌ಗೇಜ್ ಮಾಡಿಸಿದೆವು, ಅಂದ್ರೆ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿದೆವು, ಕೊನೆಗೆ ಅದನ್ನು ಮಾರಿ ಮನೆ ತಗೊಂಡೆವು. ಮೂರು ಸಲಕ್ಕೂ ಮೂರು ಥರದವರು, ಮೂವರೂ ಪ್ಯಾನಲ್‌ನಲ್ಲಿ ಇದ್ದವರೇ. ಆದರೆ ಕೆಲಸದಲ್ಲಿ ಅಜಗಜಾಂತರ. ಪ್ಯಾನಲ್‌ನಲ್ಲಿ ಇದ್ದಾರೆ ಅನ್ನೋದು ಬ್ಯಾಂಕಿಗೆ ಧೈರ್ಯ ಕೊಡುವ ವಿಷಯ. ನಿಮಗೆ ಅವರು ಫೋನ್ ಎತ್ತುತ್ತಾರೋ ಇಲ್ಲವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಫ್ಲಾಟ್ ಕೊಳ್ಳುವಾಗ ಎಸ್ಟೇಟ್ ಏಜೆಂಟ್ ತೋರಿಸಿದ ದೊಡ್ಡ ಆನ್‌ಲೈನ್ ಸಂಸ್ಥೆ. "ಇವರು ಎಲ್ಲ ಬ್ಯಾಂಕಿನ ಪ್ಯಾನಲ್‌ನಲ್ಲೂ ಇದ್ದಾರೆ, ಬೇಗ ಆಗುತ್ತೆ" ಅಂದ. ಪ್ಯಾನಲ್ ಮಾತು ನಿಜವೇ. ಏಜೆಂಟಿಗೆ ಇದರಲ್ಲಿ ರೆಫರಲ್ ಫೀಸ್ ಇರುತ್ತದೆ, ಅದನ್ನು ನಿಮಗೆ ಹೇಳಲೇಬೇಕು ಅಂತ ನಿಯಮ ಇದೆ, ಹೇಳುತ್ತಾರೆ ಕೂಡ, ಆದರೆ ಹತ್ತು ಪುಟದ ಕಾಗದದ ಒಳಗೆ ಎಲ್ಲೋ ಒಂದು ಸಾಲಿನಲ್ಲಿ. ಕೊಟೇಶನ್‌ನಲ್ಲಿ ಮೇಲುಗಡೆ ದಪ್ಪ ಅಕ್ಷರದಲ್ಲಿ ಇದ್ದದ್ದು 700 ಪೌಂಡ್ ಚಿಲ್ಲರೆ. ಕೆಳಗೆ ಬರುತ್ತಾ ಬರುತ್ತಾ ಲೀಸ್‌ಹೋಲ್ಡ್ ಅಂತ ಒಂದು ಚಾರ್ಜು, ಬ್ಯಾಂಕಿನ ಪರ ಕೆಲಸ ಮಾಡುವುದಕ್ಕೆ ಒಂದು, ಭಾರತದಿಂದ ಬರುವ ದುಡ್ಡು ಗಿಫ್ಟ್ ಆದ್ದರಿಂದ ಅದಕ್ಕೆ ಒಂದು, ಸ್ಟಾಂಪ್ ಡ್ಯೂಟಿ ಫಾರಂ ತುಂಬುವುದಕ್ಕೆ ಒಂದು, ಗುರುತಿನ ಚೀಟಿ ಪರೀಕ್ಷೆಗೆ ಒಂದು, ದುಡ್ಡು ಕಳಿಸುವುದಕ್ಕೆ ಇನ್ನೊಂದು, ಎಲ್ಲದರ ಮೇಲೆ 20% ವ್ಯಾಟ್. ಸರ್ಚ್‌ಗಳ (ಮನೆಯ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ದಾಖಲೆ ವಿಚಾರಿಸುವುದು) ಖರ್ಚು ಬೇರೆ, ಅದು ಯಾರ ಹತ್ತಿರ ಹೋದರೂ ತಪ್ಪುವುದಿಲ್ಲ. ಎಲ್ಲ ಕೂಡಿಸಿದರೆ ರೆಡಿಂಗ್‌ನದೇ ಆಫೀಸಿನವರು ಒಂದೇ ಮಾತಿನಲ್ಲಿ ಹೇಳುವ ಫೀಸಿಗಿಂತ ಬಹಳವೇನೂ ಕಡಿಮೆ ಇರಲಿಲ್ಲ.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ಯಾರ ಹತ್ತಿರ ಮಾತಾಡಬೇಕು ಅನ್ನುವುದು. ಪೋರ್ಟಲ್‌ನಲ್ಲಿ ಎಲ್ಲ ಇರುತ್ತದೆ, ಮನುಷ್ಯರು ಇರುವುದಿಲ್ಲ. ಫೈಲ್ ನೋಡುತ್ತಿದ್ದವರು ನಡುವೆ ಬದಲಾದರು, ಹೊಸಬರು ಬಂದು ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳಿದರು. ನಮ್ಮದು ಎತ್ತರದ ಕಟ್ಟಡ. ಕನಿಷ್ಠ 11 ಮೀಟರ್ ಅಥವಾ ಐದು ಮಹಡಿ ಇರುವ ಕಟ್ಟಡಗಳಿಗೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂದ ಮೇಲೆ ಕಾಗದಪತ್ರ ಜಾಸ್ತಿ, ಎಷ್ಟೋ ಸಾಲಿಸಿಟರ್‌ಗಳು ಅಂಥ ಫ್ಲಾಟ್ ಕೆಲಸವನ್ನು ತಗೊಳ್ಳುವುದೇ ಇಲ್ಲ. ಇವರು ತಗೊಂಡರು, ಅದೊಂದು ಮೆಚ್ಚಬೇಕಾದ್ದು. ರಾತ್ರಿ ಹನ್ನೊಂದಕ್ಕೆ ಕಾಗದ ಅಪ್‌ಲೋಡ್ ಮಾಡುವ ಸೌಕರ್ಯವೂ ಇತ್ತು, ಶಿಫ್ಟ್ ಕೆಲಸದವರಿಗೆ ಅದು ಸಣ್ಣ ವಿಷಯ ಅಲ್ಲ.

ರಿಮಾರ್ಟ್‌ಗೇಜ್ ಕಥೆ ಚಿಕ್ಕದು. ಹೊಸ ಬ್ಯಾಂಕೇ ಸಾಲಿಸಿಟರನ್ನು ಕೊಟ್ಟಿತು, ಫೀಸ್ ಇಲ್ಲ. ಇದನ್ನು ಫ್ರೀ ಲೀಗಲ್ಸ್ ಅಂತಾರೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು, ಬಹಳ ಸಲ ಇವರು ಬ್ಯಾಂಕಿನ ಪರ ಮಾತ್ರ, ನಿಮ್ಮ ವಕೀಲರಲ್ಲ. ನಿಮಗೆ ಸಲಹೆ ಕೊಡುವುದು ಅವರ ಕೆಲಸ ಅಲ್ಲ. ಮನೆ ಅದೇ, ಮಾಲೀಕರು ಅದೇ, ಬ್ಯಾಂಕ್ ಮಾತ್ರ ಬದಲು ಅನ್ನುವಂತಿದ್ದರೆ ಸಲಹೆ ಬೇಕಾಗುವುದೂ ಇಲ್ಲ ಬಿಡಿ. ನಮಗೆ ಬೇಕಾಗಿದ್ದದ್ದು ಒಂದೇ, ತಾರೀಕು. ಹಳೆಯ ಫಿಕ್ಸ್ (ಬಡ್ಡಿ ದರ ಬದಲಾಗದ ಅವಧಿ) ಮುಗಿಯುವ ಒಂದು ದಿನ ಮೊದಲು ಸಾಲ ತೀರಿಸಿದರೂ ಅರ್ಲಿ ರಿಪೇಮೆಂಟ್ ಚಾರ್ಜ್ ಬೀಳುತ್ತದೆ. ಎರಡು ಲಕ್ಷ ಪೌಂಡ್ ಸಾಲಕ್ಕೆ 1% ಅಂದ್ರೂ 2,000 ಪೌಂಡ್. ತಡವಾದರೆ ಹಳೆ ಬ್ಯಾಂಕಿನ ಸ್ಟ್ಯಾಂಡರ್ಡ್ ರೇಟ್, ಅದು ಫಿಕ್ಸ್‌ಗಿಂತ ಎಷ್ಟೋ ಜಾಸ್ತಿ. ಆ ತಾರೀಕನ್ನು ಮೊದಲ ಇಮೇಲ್‌ನಲ್ಲೇ ಬರೆದೆ, ಫೋನಿನಲ್ಲೂ ಹೇಳಿದೆ, ಸರಿಯಾಗಿ ಮಾಡಿಕೊಟ್ಟರು. ಕಾಲ್ ಸೆಂಟರ್ ಥರವೇ, ಪ್ರತಿ ಸಲ ಬೇರೆ ಧ್ವನಿ, ಆದರೂ ದೂರಲು ಏನೂ ಇಲ್ಲ.

ಅದೇ ಸಮಯದಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಬೇಕು ಅಂತಿದ್ದರೆ ಕಥೆ ಬೇರೆ. ಅದು ಟ್ರಾನ್ಸ್‌ಫರ್ ಆಫ್ ಇಕ್ವಿಟಿ, ಫ್ರೀ ಅನ್ನುವುದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಫೀಸ್ ಕೊಡಬೇಕು, ಸಮಯವೂ ಹಿಡಿಯುತ್ತದೆ. ಕೆಲವು ಬ್ಯಾಂಕುಗಳು ಫ್ರೀ ಲೀಗಲ್ಸ್ ಬದಲು ಕ್ಯಾಶ್‌ಬ್ಯಾಕ್ ಕೊಡುತ್ತವೆ, ಅಂಥ ಕೆಲಸ ಇರುವವರು ಅದನ್ನು ತಗೊಂಡು ತಮ್ಮವರನ್ನೇ ಹಿಡಿಯುವುದು ವಾಸಿ.

ಈಗ ಮೂರನೆಯವರು. ಮನೆ ಕೊಳ್ಳುವಾಗ ನಾವೇ ಹುಡುಕಿದ್ದು, ರೆಡಿಂಗ್‌ನ ಪೇಟೆ ಬೀದಿಯಲ್ಲಿ ಬೇಕರಿಯ ಮೇಲೆ ಆಫೀಸು, ಐವತ್ತು ದಾಟಿದ ಒಬ್ಬ ಮೇಡಂ. ಫೀಸ್ ಜಾಸ್ತಿ, ವ್ಯಾಟ್ ಸೇರಿ 1,700 ಪೌಂಡ್ ಹತ್ತಿರ. ಆದರೆ ಮೊದಲ ದಿನವೇ ಅವರು ಕೇಳಿದ್ದು ಮನೆಯ ಬಗ್ಗೆ ಅಲ್ಲ, ದುಡ್ಡು ಎಲ್ಲಿಂದ ಬರುತ್ತದೆ ಅಂತ.

ನಮ್ಮಂಥವರಿಗೆ ಇದೇ ದೊಡ್ಡ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತದೆ. ದಾವಣಗೆರೆಯಲ್ಲಿ ಅಪ್ಪ ಒಂದು ಸೈಟ್ ಮಾರಿದ್ದರು, ಅದರಲ್ಲಿ ಒಂದು ಪಾಲು ನಮಗೆ ಕಳಿಸುವವರಿದ್ದರು. ಆನ್‌ಲೈನ್ ಸಂಸ್ಥೆಯಲ್ಲಿ ಇದಕ್ಕಿಂತ ಎಷ್ಟೋ ಸಣ್ಣ ಗಿಫ್ಟಿಗೆ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಅಪ್‌ಲೋಡ್ ಮಾಡಿದರೆ "ಸ್ವೀಕಾರಾರ್ಹ ಅಲ್ಲ" ಅಂತ ಕೆಂಪು ಬಣ್ಣದಲ್ಲಿ ಬರುತ್ತಿತ್ತು, ಯಾಕೆ ಅಂತ ಬರುತ್ತಿರಲಿಲ್ಲ. ಇಲ್ಲಿ ಮೇಡಂ ಒಂದು ಹಾಳೆಯ ಮೇಲೆ ಕೈಯಲ್ಲೇ ಬರೆದುಕೊಟ್ಟರು: ಸೈಟಿನ ಕ್ರಯಪತ್ರ, ಮಾರಿದ ದುಡ್ಡು ಅಪ್ಪನ ಖಾತೆಗೆ ಬಂದ ಸ್ಟೇಟ್‌ಮೆಂಟ್, ಅಪ್ಪನ ಪಾಸ್‌ಪೋರ್ಟ್, ವಾಪಸ್ ಕೊಡಬೇಕಿಲ್ಲ ಮತ್ತು ಮನೆಯಲ್ಲಿ ಪಾಲು ಕೇಳುವುದಿಲ್ಲ ಅನ್ನುವ ಗಿಫ್ಟ್ ಪತ್ರ, ಭಾರತದ ಬ್ಯಾಂಕಿನಿಂದ ಕಳಿಸಿದ ರಸೀದಿ. ಅಪ್ಪ ಕಳಿಸುವುದಕ್ಕೆ ಎಲ್‌ಆರ್‌ಎಸ್ (ಭಾರತದಿಂದ ಹೊರದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಮಿತಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್, ನಮ್ಮ ಮೊತ್ತ ಅದರ ಹತ್ತಿರವೂ ಇರಲಿಲ್ಲ. ಆದರೂ ಅದಕ್ಕೆ ತುಂಬುವ ಎ2 ಫಾರಂ, ಬ್ಯಾಂಕ್ ಮ್ಯಾನೇಜರ್ ರಜೆ, ಸರ್ವರ್ ಡೌನ್, ಗೊತ್ತಲ್ವಾ.

ಕ್ರಯಪತ್ರ ಇದ್ದದ್ದು ಕನ್ನಡದಲ್ಲಿ. ಮೇಡಂ ಅದನ್ನು ಮೇಜಿನ ಮೇಲೆ ಹರಡಿ ಪುಟ ತಿರುಗಿಸುತ್ತಾ ಹೋದರು. ಕೊಂಡವರು ಮಾರಿದವರ ಸಣ್ಣ ಸಣ್ಣ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಸಬ್ ರಿಜಿಸ್ಟ್ರಾರ್ ಸೀಲು. "ಇದು ಯಾರ ಬೆರಳು?" ಅಂದರು. ಅಪ್ಪನದು ಅಂದೆ. ಪಾಸ್‌ಪೋರ್ಟ್ ಫೋಟೋ ಪಕ್ಕಕ್ಕೆ ಹಿಡಿದು ನೋಡಿ, "ನಮ್ಮ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಇಷ್ಟು ಇಲ್ಲ" ಅಂತ ನಕ್ಕರು. ಆಮೇಲೆ ಪ್ರಮಾಣಿತ ಅನುವಾದ ಬೇಕು ಅಂದರು, ಇಡೀ ಪತ್ರದ್ದಲ್ಲ, ಹೆಸರು, ಮೊತ್ತ, ತಾರೀಕು, ಸೈಟಿನ ವಿವರ ಇರುವ ಪುಟಗಳದ್ದು ಮಾತ್ರ. ಅಷ್ಟು ಹೇಳಿದ್ದರಿಂದಲೇ ಅನುವಾದದ ಖರ್ಚು ಬಹಳ ಉಳಿಯಿತು.

ಇನ್ನೊಂದು. ಕೊಳ್ಳುವವರ ಸ್ವಂತ ದುಡ್ಡಲ್ಲದೆ ಬೇರೆಯವರ ದುಡ್ಡು ಸೇರುತ್ತಿದ್ದರೆ ಸಾಲಿಸಿಟರ್ ಅದನ್ನು ಬ್ಯಾಂಕಿಗೆ ಹೇಳಬೇಕು, ಹ್ಯಾಂಡ್‌ಬುಕ್‌ನಲ್ಲೇ ಇದೆ. ಆನ್‌ಲೈನ್‌ನವರು ಇದನ್ನು ಎಕ್ಸ್‌ಚೇಂಜ್ (ಖರೀದಿ ಒಪ್ಪಂದ ಪಕ್ಕಾ ಆಗುವ ಹಂತ) ಹತ್ತಿರ ಬಂದಾಗ ಬ್ಯಾಂಕಿಗೆ ಬರೆದರು, ಉತ್ತರ ಬರುವ ತನಕ ಎಲ್ಲ ನಿಂತಿತು. ಮೇಡಂ ಮಾರ್ಟ್‌ಗೇಜ್ ಆಫರ್ ಬಂದ ವಾರದಲ್ಲೇ ಬರೆದು ಮುಗಿಸಿದ್ದರು. ಇಬ್ಬರಿಗೂ ನಿಯಮ ಒಂದೇ, ಪ್ಯಾನಲ್ ಒಂದೇ ಥರದ್ದು.

ಚಿಕ್ಕ ಆಫೀಸಿನ ತೊಂದರೆಯೂ ಹೇಳಬೇಕಲ್ಲ. ಮೇಡಂ ರಜೆ ಹೋದರೆ ಫೈಲೂ ರಜೆ. ಪೋಸ್ಟ್‌ನಲ್ಲಿ ಕಾಗದ ಕಳಿಸುವ ಕಾಲದವರು. ಮುಖ್ಯವಾಗಿ ಪ್ಯಾನಲ್ ವಿಷಯದಲ್ಲೇ ಚಿಕ್ಕವರ ಮೇಲೆ ಕತ್ತಿ ತೂಗುತ್ತಿರುತ್ತದೆ. ಒಬ್ಬರೇ ನಡೆಸುವ ಸಂಸ್ಥೆಯನ್ನು ಕೆಲವು ಬ್ಯಾಂಕುಗಳು ತಗೊಳ್ಳುವುದೇ ಇಲ್ಲ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯ ಸಿಕ್ಯೂಎಸ್ (ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್) ಮಾನ್ಯತೆ ಇರಬೇಕು ಅನ್ನುವ ಬ್ಯಾಂಕುಗಳೂ ಇವೆ. 2012ರಲ್ಲಿ ಎಚ್‌ಎಸ್‌ಬಿಸಿ ತನ್ನ ಪ್ಯಾನಲನ್ನು ಒಮ್ಮೆಲೇ 43 ಸಂಸ್ಥೆಗಳಿಗೆ ಇಳಿಸಿ ದೊಡ್ಡ ಗಲಾಟೆ ಆಗಿತ್ತು, ಆಮೇಲೆ ಸಡಿಲಿಸಿದರು. ಹಾಗಾಗಿ "ನಾವು ಎಲ್ಲ ಪ್ಯಾನಲ್‌ನಲ್ಲೂ ಇದ್ದೇವೆ" ಅನ್ನುವ ಬಾಯಿಮಾತು ಸಾಲದು. ಬ್ಯಾಂಕಿಗೆ ಅಥವಾ ಬ್ರೋಕರ್‌ಗೆ ಸಂಸ್ಥೆಯ ಪೂರ್ತಿ ಹೆಸರು, ಬ್ರಾಂಚ್ ವಿಳಾಸ ಕೊಟ್ಟು ಕೇಳಿ. ಕೊಂಡುಕೊಳ್ಳುವ ನಡುವೆ ಬ್ಯಾಂಕ್ ಬದಲಾಯಿಸಿದರೆ ಮತ್ತೆ ಕೇಳಿ, ನಮ್ಮ ಸ್ನೇಹಿತರೊಬ್ಬರು ಸಿಕ್ಕಿಬಿದ್ದದ್ದು ಅಲ್ಲೇ. ಸಾಲಿಸಿಟರ್ ಅಲ್ಲದ, ಆಸ್ತಿ ವರ್ಗಾವಣೆ ಕೆಲಸಕ್ಕೆ ಪರವಾನಗಿ ಇರುವ ಲೈಸೆನ್ಸ್ಡ್ ಕನ್ವೇಯನ್ಸರ್ ಆದರೂ ಪರವಾಗಿಲ್ಲ, ಅವರನ್ನು ನೋಡಿಕೊಳ್ಳುವ ಸಂಸ್ಥೆ ಬೇರೆ, ಅಷ್ಟೇ. ಪ್ಯಾನಲ್ ಪ್ರಶ್ನೆ ಅವರಿಗೂ ಇದೆ.

ನನ್ನ ಲೆಕ್ಕ ಇಷ್ಟು. ಬರೀ ಬ್ಯಾಂಕ್ ಬದಲಾಯಿಸುವ ರಿಮಾರ್ಟ್‌ಗೇಜ್‌ಗೆ ಬ್ಯಾಂಕ್ ಕೊಟ್ಟವರು ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಸಂಬಳದ ಉಳಿತಾಯದಿಂದಲೇ ಫ್ರೀಹೋಲ್ಡ್ (ನೆಲವೂ ನಮ್ಮದೇ ಆಗುವ) ಮನೆ ತಗೊಳ್ಳುವವರಿಗೆ ಆನ್‌ಲೈನ್ ನಡೆಯುತ್ತದೆ, ಆದರೆ ಏಜೆಂಟ್ ತೋರಿಸಿದವರನ್ನೇ ಅಲ್ಲ, 2018ರ ಡಿಸೆಂಬರ್‌ನಿಂದ ಸಾಲಿಸಿಟರ್ ಸಂಸ್ಥೆಗಳು ಮನೆ ಕೊಳ್ಳುವ ಮಾರುವ ಕೆಲಸದ ದರವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು, ನೋಡಿ ಆರಿಸಿ. ಊರಿಂದ ದುಡ್ಡು ಬರುವುದಿದ್ದರೆ, ಲೀಸ್‌ಹೋಲ್ಡ್ ಇದ್ದರೆ, ಹೆಸರು ಸೇರಿಸುವುದಿದ್ದರೆ ನಾನು ಮತ್ತೆ ಬೇಕರಿಯ ಮೇಲಿನ ಮೆಟ್ಟಿಲೇ ಹತ್ತುತ್ತೇನೆ. ಫೀಸ್ ಕೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ನನ್ನ ಫೈಲನ್ನು ಕೊನೆತನಕ ನೋಡುವವರು ಯಾರು, ಭಾರತದಿಂದ ಬರುವ ದುಡ್ಡಿಗೆ ನಿಮಗೆ ಯಾವ ಕಾಗದ ಬೇಕು. ಎರಡನೆಯದಕ್ಕೆ "ಅದು ಆಮೇಲೆ ನೋಡೋಣ" ಅಂದರೆ ಮುಂದಿನ ಆಫೀಸಿಗೆ ಹೋಗುವುದೇ.

ಈಗಿರುವ ಬ್ಯಾಂಕಿನಲ್ಲೇ ಹೊಸ ರೇಟ್ ತಗೊಂಡು ಉಳಿಯುವವರಿಗೆ ಇದ್ಯಾವುದೂ ಬೇಕಿಲ್ಲ. ಪ್ರಾಡಕ್ಟ್ ಟ್ರಾನ್ಸ್‌ಫರ್‌ಗೆ ಸಾಲಿಸಿಟರೇ ಬೇಡ.