ಗಾಡಿಯಲ್ಲಿ ಬರುವ ಗುಲಾಬಿ ಸಸಿ ಕೊಳ್ಳುವ ಮುನ್ನ ಕಸಿಗಂಟು ನೋಡಿ

ಮಳೆಗಾಲ ಹಿಡಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಿಗೆ ಹೂಬಿಟ್ಟ ಗುಲಾಬಿ ಸಸಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಮಾರುವವರು ಬರುತ್ತಾರೆ. ಅವರೆಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ ಕಸಿಗಂಟನ್ನು, ಅಂದರೆ ಕಾಡುಗುಲಾಬಿಯ ಕಾಂಡದಲ್ಲಿ ಒಳ್ಳೆಯ ಗುಲಾಬಿಯ ಕಣ್ಣನ್ನು (ಚಿಗುರುಮೊಗ್ಗನ್ನು) ಕೂರಿಸಿ ಕಟ್ಟಿದ ಜಾಗವನ್ನು ಕಣ್ಣಾರೆ ನೋಡದೆ, ಹೂವಿನ ಬಣ್ಣವೊಂದನ್ನೇ ನಂಬಿ ಯಾರೂ ಸಸಿ ಕೊಳ್ಳಬಾರದೆಂದು ಕೇಳಿಕೊಳ್ಳುವುದಕ್ಕಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಧಾರವಾಡದ ಮನೆಯ ಅಂಗಳಕ್ಕೆಂದು ನನ್ನ ತಾಯಿ ಕೆಂಪು ಮತ್ತು ಹಳದಿ ಗುಲಾಬಿಯ ಸಸಿಗಳನ್ನು ಒಂದಕ್ಕೆ 150 ರೂಪಾಯಿಯಂತೆ ಕೊಂಡರು. ಪ್ಲಾಸ್ಟಿಕ್ ಚೀಲದೊಳಗೆ ಬೇರಿನ ಸುತ್ತ ಜೇಡಿಮಣ್ಣಿನ ಗಟ್ಟಿ ಹೆಂಟೆಯಿತ್ತು. ಕಾಂಡದ ಬುಡವೂ ಅದರಲ್ಲೇ ಮುಚ್ಚಿಹೋಗಿತ್ತು. “ಅಮ್ಮಾರ, ಹೆಂಟಿ ಒಡೀಬ್ಯಾಡ್ರಿ, ಬೇರಿಗೆ ಗಾಳಿ ಹೊಡದ್ರ ಗಿಡ ಸಾಯ್ತದ” ಎಂದು ಮಾರುವವನು ಒತ್ತಿ ಹೇಳಿದ್ದರಿಂದ ಅದನ್ನು ಹಾಗೆಯೇ ನೆಟ್ಟೆವು.

ಮೊದಲ ಹೂಗಳು ಉದುರಿದ ಮೇಲೆ ಬುಡದಿಂದ ಉದ್ದನೆಯ ತಿಳಿಹಸಿರು ಚಿಗುರುಗಳು ಎದ್ದವು. ಶ್ರಾವಣ ಮುಗಿಯುವಷ್ಟರಲ್ಲಿ ಅವು ಕಿಟಕಿಯ ಎತ್ತರಕ್ಕೆ ಬೆಳೆದಿದ್ದವು. ಬಂದವರೆಲ್ಲ ಗಿಡ ಚೆನ್ನಾಗಿ ಹತ್ತಿದೆಯೆಂದೇ ಹೇಳುತ್ತಿದ್ದರು. ಮೊಗ್ಗು ಮಾತ್ರ ಒಂದೂ ಬರಲಿಲ್ಲ. ಹೂ ಕೊಟ್ಟಿದ್ದ ಹಳೆಯ ರೆಂಬೆಗಳು ತುದಿಯಿಂದ ಕಪ್ಪಾಗುತ್ತ ಕೆಳಗಿನವರೆಗೂ ಒಣಗಿದವು. ದಸರೆ ಕಳೆದ ಮೇಲೆ ಗಿಡ ಸವರಲು ಬಂದ ಮಾಲಿಯೊಬ್ಬರು ಬುಡದ ಮಣ್ಣನ್ನು ಕೆದರಿ ತೋರಿಸಿದಾಗ ಕಾರಣ ತಿಳಿಯಿತು. ಕಸಿ ಕಟ್ಟುವಾಗ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿರಲೇ ಇಲ್ಲ. ಅದು ತೊಗಟೆಯೊಳಗೆ ಇಳಿದು, ಅದರ ಅಂಚಿನಲ್ಲಿ ಕಾಂಡ ಊದಿಕೊಂಡಿತ್ತು. ಕಸಿಯ ಕಣ್ಣು ಕೂರಿಸಿದ್ದ ಜಾಗ ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ನಮ್ಮ ತಾಯಿ ಅಷ್ಟು ಕಾಲ ನೀರು, ಗೊಬ್ಬರ ಹಾಕಿ ಬೆಳೆಸಿದ್ದು ಕೆಳಗಿನ ಕಾಡುಗುಲಾಬಿಯನ್ನು. ಅವರಿಗಾದ ಬೇಸರವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿಗಳನ್ನು ಸಾಮಾನ್ಯವಾಗಿ ರೋಸಾ ಮಲ್ಟಿಫ್ಲೋರಾದಂಥ ಗಟ್ಟಿ ಜಾತಿಯ ಕಾಡುಗುಲಾಬಿಯನ್ನು ಬೇರುಗಿಡವಾಗಿಟ್ಟುಕೊಂಡು ಅದರ ಮೇಲೆ ಕಣ್ಣು ಕಸಿ ಮಾಡಿರುತ್ತಾರೆ. ಕಸಿಗಂಟಿನ ಕೆಳಗೆ ಏಳುವ ಚಿಗುರು ಬೇರುಗಿಡದ್ದೇ ಆದ್ದರಿಂದ, ಅದು ಬಹು ಬೇಗ ಬೆಳೆದು ಮೇಲಿನ ಕಸಿಯನ್ನು ಸೊರಗಿಸುತ್ತದೆ. ಹೈಬ್ರಿಡ್ ಟೀಯ ಒಂದು ಎಲೆಯಲ್ಲಿ ಹೆಚ್ಚಾಗಿ 5 ಕಿರುಎಲೆಗಳಿದ್ದರೆ ಮಲ್ಟಿಫ್ಲೋರಾದಲ್ಲಿ 7 ಅಥವಾ 9 ಇರುತ್ತವೆ. ಆದರೂ ಕಿರುಎಲೆ ಎಣಿಸಿ ಕತ್ತರಿ ಹಾಕಬೇಡಿ, ಏಕೆಂದರೆ ಒಳ್ಳೆಯ ಗುಲಾಬಿಯಲ್ಲೂ ಕೆಲವೊಮ್ಮೆ 7 ಬರುತ್ತವೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಮಲ್ಟಿಫ್ಲೋರಾದಲ್ಲಿ ಬಾಚಣಿಗೆಯ ಹಲ್ಲಿನಂತೆ ಸೀಳಿದ ಸಣ್ಣ ಅಂಚು ಕಾಣುತ್ತದೆ. ಅದು ಹೆಚ್ಚು ಖಚಿತವಾದ ಗುರುತು. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣು ಸರಿಸಿ ಚಿಗುರು ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ ನೋಡಬೇಕು. ಕೆಳಗಿನಿಂದ ಬಂದದ್ದನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತಷ್ಟು ಚಿಗುರೊಡೆಯುತ್ತವೆ. ಹುಟ್ಟಿದ ಜಾಗದಿಂದಲೇ ಹಿಡಿದು ಕಿತ್ತುಹಾಕಬೇಕು.

ಕೊಳ್ಳುವಾಗ ಬುಡದ ಮಣ್ಣು ಸರಿಸಿ ಗಂಟು ತೋರಿಸಲು ಹೇಳಿ. ಒಪ್ಪದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ನಾಳೆ ಹೋಗಿ ಕೇಳಬಹುದಾದ ವಿಳಾಸವಿರುವ ನರ್ಸರಿಯಲ್ಲಿ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಅದು ನಷ್ಟವಲ್ಲ. ನೆಡುವ ಮೊದಲು ಹೆಂಟೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಗಂಟು ನೆಲಕ್ಕಿಂತ ಎರಡು ಇಂಚು ಮೇಲಿರುವಂತೆ ಕೂರಿಸಿ. ನವಲಗುಂದ, ಗದಗದ ಕಡೆಯ ಎರೆ ಮಣ್ಣಿನಲ್ಲಿ ನೀರು ನಿಲ್ಲುವುದರಿಂದ ಮಸಾರಿ (ಕೆಂಪು) ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಏರುಮಡಿ ಮಾಡಿ ನೆಡುವುದು ಒಳ್ಳೆಯದು.

ಈ ವರ್ಷ ಇಂಥ ಸಸಿ ಕೊಂಡಿರುವವರು ಇಂದೇ ಬುಡ ಬಿಡಿಸಿ ನೋಡಿ. ಗಂಟಿನ ಮೇಲೆ ಒಂದು ರೆಂಬೆ ಹಸಿರಾಗಿದ್ದರೂ ಗಿಡವನ್ನು ಉಳಿಸಿಕೊಳ್ಳುವ ಅವಕಾಶವಿದೆ: ಕೆಳಗಿನ ಚಿಗುರುಗಳನ್ನು ಕಿತ್ತು, ಕಸಿಯ ಕಣ್ಣಿರುವ ಬದಿಯನ್ನು ಬಿಟ್ಟು ಅದರ ಎದುರು ಬದಿಯಲ್ಲಿ ಬ್ಲೇಡಿನಿಂದ ಪಟ್ಟಿಯನ್ನು ಸೀಳಿ ತೆಗೆಯಿರಿ.