ಹನ್ನೆರಡು ಬಣ್ಣದ ಪುಟ್ಟ ಪೆಟ್ಟಿಗೆ, ಗೋವಾದ ಹಳೆ ಮನೆಗಳು: ಕೆಲವು ಮಳೆಗಾಲ ಬಳಸಿದ ಮೇಲೆ

ಇದು ಅಂಗೈಯಲ್ಲಿ ಹಿಡಿಸುವ ಜಲವರ್ಣದ ಪೆಟ್ಟಿಗೆಯೊಂದರ ವಿಮರ್ಶೆ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಹನ್ನೆರಡು ಹಾಫ್ ಪ್ಯಾನ್ (ಪುಟ್ಟ ಬಿಲ್ಲೆಯಂಥ) ಬಣ್ಣ, ಮುಚ್ಚಳದಲ್ಲೇ ಬಣ್ಣ ಕಲೆಸಬೇಕು. ಜೊತೆಗೆ ನಾನು ಬಳಸುವುದು ಒಂದು ವಾಟರ್ ಬ್ರಷ್, ಎ5 ಅಳತೆಯ ಪುಸ್ತಕ, ಪೆನ್ಸಿಲ್, ಹಳೆ ಬಟ್ಟೆ ತುಂಡು. ಕಂಪನಿ ಹೆಸರು ಬರೆಯುತ್ತಿಲ್ಲ. ವಿದ್ಯಾರ್ಥಿ ದರ್ಜೆಯ ಇಂಥ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಾನು ಹೇಳುವುದು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ.

ನನ್ನ ಊರು ಧಾರವಾಡ, ಕೆಲಸ ಗೋವಾದ ವಾಸ್ಕೋದಲ್ಲಿ. ರಜೆ ಸಿಕ್ಕರೆ ಬೆಳಿಗ್ಗೆ ಬೇಗ ಸ್ಕೂಟರ್ ಹತ್ತಿ ಲೋಟಲಿ, ಚಾಂದೋರ್ ಕಡೆ ಹೋಗುತ್ತೇನೆ. ಅಲ್ಲಿನ ಹಳ್ಳಿಗಳ ಹಳೆ ಮನೆಗಳನ್ನು ಬೇಗ ಬೇಗ ಬಿಡಿಸುವುದು ನನಗೆ ತುಂಬ ಪ್ರೀತಿಯ ಕೆಲಸ. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ. ಇದು ಹಟಕ್ಕೆ ಇಟ್ಟುಕೊಂಡ ಗಡುವಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಇಪ್ಪತ್ತು ನಿಮಿಷಕ್ಕೆ 5 ಡಿಗ್ರಿ. ಅಷ್ಟರೊಳಗೆ ಮುಗಿಸಿದರೆ ಸೂರಿನ ಕೆಳಗಿನ ನೆರಳು ಬಿಡಿಸಿದ ಜಾಗದಲ್ಲೇ ಇರುತ್ತದೆ. ಜಾಸ್ತಿ ಹೊತ್ತು ಕೂತರೆ ಚಿತ್ರದ ಎಡಗಡೆ ಎಂಟು ಗಂಟೆ, ಬಲಗಡೆ ಒಂಬತ್ತು ಗಂಟೆ ಆಗಿರುತ್ತದೆ. ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಮೊದಲು ಬಣ್ಣಗಳ ವಿಷಯ. ಹನ್ನೆರಡರಲ್ಲಿ ನಿಜವಾಗಿ ದುಡಿಯುವುದು ಐದಾರು ಮಾತ್ರ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ), ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು), ಸ್ಯಾಪ್ ಗ್ರೀನ್ (ಎಲೆ ಹಸಿರು), ಸ್ವಲ್ಪ ಬರ್ಂಟ್ ಅಂಬರ್ (ಗಾಢ ಕಂದು). ಗೋವಾದ ಹಳ್ಳಿಮನೆ ಅಂದರೆ ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಹಂಚಿನ ಮಾಡು. ಈ ಮೂರಕ್ಕೂ ಬೇಕಾದ್ದೆಲ್ಲ ಈ ಐದಾರರಲ್ಲೇ ಸಿಗುತ್ತದೆ. ಚೈನೀಸ್ ವೈಟ್ ಮುಟ್ಟಬೇಡಿ. ಸುಣ್ಣದ ಗೋಡೆಯ ಬಿಳುಪು ಕಾಗದದ್ದೇ ಇರಲಿ. ಆ ಪ್ಯಾನ್ ತೆಗೆದು, ಖಾಲಿ ಜಾಗಕ್ಕೆ ಕ್ಯಾಮೆಲ್ ಕಂಪನಿಯ ಬಣ್ಣದ ಟ್ಯೂಬಿನಿಂದ ಇನ್ನೊಂದು ಪಾಲು ಬರ್ಂಟ್ ಸಿಯೆನ್ನಾ ತುಂಬಿಸಿದ್ದೇನೆ. ಚೆನ್ನಾಗಿ ಕೂತಿದೆ, ಒಣಗಿ ಬಿರುಕೂ ಬಿಟ್ಟಿಲ್ಲ. ವಿರಿಡಿಯನ್ ಅನ್ನುವ ನೀಲಿಹಸಿರು ಒಂದನ್ನೇ ಹಚ್ಚಿದರೆ ಇಲ್ಲಿನ ಯಾವ ಮರಕ್ಕೂ ಹೊಂದದು. ಅಲಿಜರಿನ್ ಜೊತೆ ಬೆರೆಸಿದರೆ ಮಾತ್ರ ಬಾಗಿಲೊಳಗಿನ ಕತ್ತಲಿಗೆ ಒಳ್ಳೆ ಕಪ್ಪು ಬರುತ್ತದೆ.

ಜಂಬಿಟ್ಟಿಗೆಯ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಈ ಪೆಟ್ಟಿಗೆಯ ಅಸಲಿ ಪರೀಕ್ಷೆ ಅದೇ. ಲೋಟಲಿಯಲ್ಲಿ ಒಂದು ಮನೆಯ ಗಾರೆ ಕಿತ್ತು ಹೊಸದಾಗಿ ಹಾಕುತ್ತಿದ್ದರು. ಗೌಂಡಿ ಬಾಗಲಕೋಟೆ ಕಡೆಯವರು. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು ಪುಸ್ತಕ ನೋಡಿದರು. "ಅಕ್ಕಾರ, ಗ್ವಾಡಿ ಬರೇ ಕೆಂಪಲ್ರೀ. ತೂತಿನಾಗ ಹಳದಿ ಮಣ್ಣೈತಿ, ಅದರಾಚೆ ಕಪ್ಪೈತಿ. ಹತ್ರ ಬಂದು ನೋಡ್ರಿ" ಅಂದರು. ಹೋಗಿ ನೋಡಿದೆ. ಹೌದು, ಕಲ್ಲಿನ ತುಂಬ ಸಣ್ಣ ಸಣ್ಣ ತೂತು, ಒಳಗೆ ಹಳದಿ ಜೇಡಿ. "ಕಡಿಯೂ ಮುಂದ ಮೆತ್ತಗಿರತೈತ್ರಿ, ಗಾಳಿ ಬಡದ ಮ್ಯಾಲ ಗಟ್ಟಿ ಆಗತೈತಿ. ಮಳಿ ಹೊಡತಕ್ಕ ಸುಣ್ಣದ ಗಾರಿ ಬೇಕ ಬೇಕು" ಅಂತ ಗಾರೆಯ ಕಾರಣವನ್ನೂ ಹೇಳಿದರು.

ಅಂದಿನಿಂದ ನನ್ನ ಜಂಬಿಟ್ಟಿಗೆ ಶುರುವಾಗುವುದೇ ಯೆಲ್ಲೋ ಓಕರ್‌ನಿಂದ. ಗೋಡೆಯ ಜಾಗಕ್ಕೆಲ್ಲ ತೆಳುವಾಗಿ ಓಕರ್ ಹರಿಸುತ್ತೇನೆ. ಹಸಿ ಇರುವಾಗಲೇ ಬರ್ಂಟ್ ಸಿಯೆನ್ನಾ, ಅದಕ್ಕೆ ಚೂರು ಅಲಿಜರಿನ್ ಸೇರಿಸಿ ಅಲ್ಲಲ್ಲಿ ತಾಗಿಸಿ ಬಿಡುತ್ತೇನೆ. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಒಣಗುತ್ತ ಬಂದಾಗ ಅಂಬರ್‌ನಲ್ಲಿ ನಾಲ್ಕೈದು ಚುಕ್ಕೆ. ಕಲ್ಲು ಕಲ್ಲಿಗೂ ಗೆರೆ ಹಾಕುವ ಅಗತ್ಯವೇ ಇಲ್ಲ. ಗಾರೆ ಉದುರಿ ಕಲ್ಲು ಕಾಣುವ ಅಂಚು ಒಂದನ್ನು ಸರಿಯಾಗಿ ಬಿಡಿಸಿದರೆ ಇಡೀ ಗೋಡೆ ಹಳೆಯದಾಗಿ ಕಾಣುತ್ತದೆ.

ಹಂಚಿಗೂ ಇದೇ ಬಣ್ಣಗಳು, ಲೆಕ್ಕ ಬೇರೆ. ಬಾಸೆಲ್ ಮಿಷನ್ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಆ ಹಂಚು ಮನೆಗಳ ಮೇಲೆ ಏರಿತು. ಗೋವಾದಲ್ಲೂ ಅದೇ. ಹೊಸ ಹಂಚು ಕಿತ್ತಳೆ ಕಡೆ ವಾಲುತ್ತದೆ. ಹಳೆಯದು ಪಾಚಿ ಕಟ್ಟಿ ಕಂದುಗಪ್ಪು. ಒಂದೇ ಮಾಡಿನಲ್ಲಿ ಎರಡೂ ಇರುತ್ತವೆ, ಏಕೆಂದರೆ ಒಡೆದದ್ದನ್ನು ಮಾತ್ರ ಬದಲಿಸುತ್ತಾರೆ. ಆ ತೇಪೆಗಳನ್ನು ಬಿಡಬೇಡಿ. ಮನೆಯಲ್ಲಿ ಇನ್ನೂ ಜನ ಇದ್ದಾರೆ, ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ ಅಲ್ವಾ?

ಗಾಜಿನ ಬದಲು ಚಿಪ್ಪು ಕೂರಿಸಿದ ಹಳೆ ಕಿಟಕಿಗಳಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಬೆರೆತ ತೀರಾ ತೆಳು ಬೂದು ಸಾಕು.

ವಾಟರ್ ಬ್ರಷ್‌ಗೆ ನಾನು ಅರ್ಧ ಅಂಕ ಮಾತ್ರ ಕೊಡುವೆ. ಹಿಡಿಯಲ್ಲೇ ನೀರು ಇರುವುದರಿಂದ ಲೋಟ ಬೇಡ, ಯಾರದೋ ಮನೆ ಪಾಗಾರದ ಮೇಲೆ ಕೂತು ಕೆಲಸ ಮಾಡಬಹುದು. ಕಿಟಕಿ, ಕಂಬ, ಬಲ್ಕಾಂವ್ ಅಂತ ಕರೆಯುವ ಮುಂದಿನ ಜಗುಲಿಯ ಮೆಟ್ಟಿಲು, ಇಂಥವಕ್ಕೆ ಸರಿ. ಆದರೆ ಆಕಾಶ, ದೊಡ್ಡ ಗೋಡೆ ಬಂದಾಗ ಬಣ್ಣಕ್ಕಿಂತ ನೀರೇ ಜಾಸ್ತಿ ಇಳಿದು ಎಲ್ಲ ಪೇಲವ. ಅದಕ್ಕೆ ಎಂಟನೇ ನಂಬರಿನ ದುಂಡು ಬ್ರಷ್ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆ ಜೊತೆ ಬಂದ ಕಿರುಬೆರಳಿನಷ್ಟು ಬ್ರಷ್ ಮೂಲೆಯಲ್ಲಿದೆ.

ಈಗ ಮುಖ್ಯ ಮಾತು. ದುಡ್ಡು ಹಾಕುವುದಿದ್ದರೆ ಬಣ್ಣಕ್ಕಲ್ಲ, ಕಾಗದಕ್ಕೆ ಹಾಕಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ), ಪೂರ್ತಿ ಹತ್ತಿಯ ಕಾಗದ. ವಿದ್ಯಾರ್ಥಿ ದರ್ಜೆಯ ಬಣ್ಣ ಒಳ್ಳೆ ಕಾಗದದ ಮೇಲೆ ಎಷ್ಟೋ ಚೆನ್ನಾಗಿ ಕಾಣುತ್ತದೆ. ದುಬಾರಿ ಬಣ್ಣ ಸಾಮಾನ್ಯ ಡ್ರಾಯಿಂಗ್ ಹಾಳೆಯ ಮೇಲೆ ಸತ್ತು ಹೋಗುತ್ತದೆ. ನಾನು ಹೇಳಿದ ಓಕರ್ ಮೇಲೆ ಸಿಯೆನ್ನಾ ಬಿಡುವ ಕೆಲಸಕ್ಕೆ ಹಾಳೆ ಸ್ವಲ್ಪ ಹೊತ್ತು ಹಸಿಯಾಗಿ ಉಳಿಯಲೇಬೇಕು. ಮರದ ತಿರುಳಿನ ಕಾಗದದಲ್ಲಿ ಅದು ಆಗುವುದಿಲ್ಲ, ಅಂಚುಗಳು ತಕ್ಷಣ ಗಟ್ಟಿಯಾಗಿ ಕಲೆ ನಿಲ್ಲುತ್ತದೆ.

ಗೋವಾದಲ್ಲಿ ಇನ್ನೊಂದು ತೊಂದರೆ ಇದೆ. ಬಣ್ಣ ಒಳಗೆ ಹೀರಿಕೊಳ್ಳದಂತೆ ಕಾಗದಕ್ಕೆ ಒಂದು ಅಂಟಿನ ಲೇಪ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಅದು ಕೆಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಹಚ್ಚಿದಾಗ ಮಾತ್ರ ಅಲ್ಲಲ್ಲಿ ಇಂಕು ಹೀರುವ ಕಾಗದದಂತೆ ಮಚ್ಚೆ ಏಳುತ್ತದೆ. ನನ್ನ ಒಂದು ಪುಸ್ತಕದ ಕೊನೆಯ ಹಾಳೆಗಳು ಹಾಗೇ ಹೋದವು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳ ಜೊತೆ ಇಡುತ್ತೇನೆ, ಮಳೆಗಾಲದ ಮುಂಚೆ ಹೊಸ ಪುಸ್ತಕ ಕೊಳ್ಳುವುದಿಲ್ಲ. ಬಣ್ಣದ ಪೆಟ್ಟಿಗೆಯನ್ನೂ ಒದ್ದೆಯಾಗಿ ಮುಚ್ಚಬಾರದು. ರಾತ್ರಿಯಿಡೀ ಫ್ಯಾನಿನ ಕೆಳಗೆ ತೆರೆದಿಡಿ, ಇಲ್ಲದಿದ್ದರೆ ಪ್ಯಾನ್ ಮೇಲೆ ಬೂಸ್ಟು ಬರುತ್ತದೆ. ಜೇನು ಬೆರೆಸಿ ಮಾಡುವ ಬಣ್ಣಗಳೂ ಇವೆ. ಒಣ ಊರಿಗೆ ಅವು ಚೆಂದ, ನಮ್ಮ ತೇವದಲ್ಲಿ ಅಂಟಂಟಾಗಿಯೇ ಇರುತ್ತವೆ.

ಎ5 ಅಳತೆ ಸಾಕಾಗುತ್ತದಾ ಅಂತ ಕೇಳುತ್ತಾರೆ. ಬಹಳಷ್ಟು ಮನೆಗಳಿಗೆ ಸಾಕು. ಚಾಂದೋರ್‌ನ ಮೆನೆಜೆಸ್ ಬ್ರಗಾಂಝಾ ಮನೆಯಂಥ ಉದ್ದ ಮುಖಕ್ಕೆ ಎರಡು ಪುಟ ಬೇಕು. ಕಿಟಕಿ ಎಣಿಸುತ್ತ ಕೂರಬೇಡಿ, ಮಾಡಿನ ಉದ್ದನೆಯ ಗೆರೆ ಮೊದಲು ಹಿಡಿಯಿರಿ. ಚಾಂದೋರ್‌ಗೆ ಹೋದವರು ಇದೂ ನೆನಪಿಡಿ: ಇದೇ ಹಿಂದಿನ ಚಂದ್ರಪುರ, ಗೋವಾ ಕದಂಬರ ರಾಜಧಾನಿ ಆಗಿದ್ದ ಊರು. ನಮ್ಮ ಬನವಾಸಿಯವರ ಕವಲು ಇಲ್ಲಿವರೆಗೆ ಬಂದಿತ್ತು ಅಂತ ಅಲ್ಲಿ ಕೂತಾಗಲೆಲ್ಲ ಖುಷಿಯಾಗುತ್ತದೆ.

ಆ ಕದಂಬರ ಕಾಲದ ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಪೆಟ್ಟಿಗೆಗೆ ಬೇರೆ ಥರದ ಪರೀಕ್ಷೆ. ಕರಿ ಬಸಾಲ್ಟ್ ಕಲ್ಲು, ಸುತ್ತ ದಟ್ಟ ಕಾಡು. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಸಮಸಮ ಬೆರೆಸಿದರೆ ಆ ಕಲ್ಲಿನದೇ ಬೂದು. ಅಲ್ಟ್ರಾಮರೀನ್ ಒಣಗುವಾಗ ಕಾಳುಕಾಳಾಗಿ ಕೂರುತ್ತದೆ, ಹಾಗಾಗಿ ಕಲ್ಲಿನ ಒರಟುತನ ತಾನೇ ಬರುತ್ತದೆ. ಬಿಸಿಲು ಬಿದ್ದ ಕಡೆ ಸಿಯೆನ್ನಾ, ನೆರಳಲ್ಲಿ ನೀಲಿ ತುಸು ಹೆಚ್ಚಿಸಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆಯೇ ಹೋಗಿ. ಧಾರವಾಡ, ಬೆಳಗಾವಿ ಕಡೆಯಿಂದ ಅನಮೋಡ ಘಾಟ್ ಇಳಿದು ಬರುವವರಿಗೆ ದಾರಿಯಲ್ಲೇ ತಿರುವು ಸಿಗುತ್ತದೆ.

ಪೆಟ್ಟಿಗೆಗೆ ಐದರಲ್ಲಿ ನಾಲ್ಕು ಅಂಕ. ಒಂದು ಕಡಿಮೆ ಮಾಡಿದ್ದು ಮುಚ್ಚಳದ ಕೀಲಿಗೆ, ಅದು ಬೇಗ ಸಡಿಲವಾಗುತ್ತದೆ. ನಾನು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಹೊಸದಾಗಿ ಶುರು ಮಾಡುವವರು ಇದನ್ನೇ ಕೊಳ್ಳಿ, ಇಪ್ಪತ್ತನಾಲ್ಕು ಬಣ್ಣದ್ದಕ್ಕೆ ಹೋಗಬೇಡಿ. ಉಳಿದ ದುಡ್ಡಲ್ಲಿ ಹತ್ತಿ ಕಾಗದದ ಪುಸ್ತಕ ಬರುತ್ತದೆ. ಮಳೆ ಮುಗಿದು ಅಕ್ಟೋಬರ್ ಬಂದಾಗ ತೆಗೆದುಕೊಂಡರೆ ಮುಂದಿನ ಜೂನ್‌ವರೆಗೆ ಪುಸ್ತಕ ನಿಶ್ಚಿಂತೆಯಾಗಿ ನಡೆಯುತ್ತದೆ.